ಸೈಕಲ್ ಬರುವ ಹುಡುಗಿ

೧೯೯೬ರ ಜೂನ್ ೯, ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯ ಹಿಂದಿನ ಮರದ ಡೆಕ್ ಮೇಲೆ ಹದಿನಾಲ್ಕು ಜನ ಬಿಸಿಬೇಳೆಬಾತಿನ ಪೇಪರ್ ಪ್ಲೇಟ್ ಹಿಡಿದು ನಿಂತಿದ್ದರು. ನನ್ನ ಗಂಡ ತ್ಯಾಗರಾಜ ಚಮಚದಿಂದ ಸ್ಟೀಲ್ ಲೋಟ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಜುಲೈ ಇಪ್ಪತ್ತಕ್ಕೆ ನಾನೂ ರಾಜಿನೂ ಫ್ರಾನ್ಸಿಗೆ ಹೊರಟ್ವಿ. ಪ್ಯಾರಿಸ್ ಅಲ್ಲ, ಒಂದು ಹಳ್ಳಿ. ಇಡೀ ವಾರ ಬೈಕಿಂಗ್. ಆನಿವರ್ಸರಿ ಸರ್ಪ್ರೈಸ್.”

ಸರ್ಪ್ರೈಸ್ ಎಂದರೆ ನನಗೂ ಆಗಲೇ ತಿಳಿದದ್ದು.

ಇವರ ಕಾಲೇಜು ಗೆಳೆಯ ಕೃಷ್ಣಪ್ರಸಾದ ಷಾರ್ಲಟ್‌ನಿಂದ ಬಂದಿದ್ದ. ಹಿಂದಿನ ವರ್ಷ ಹನ್ನೊಂದು ದಿನಗಳಲ್ಲಿ ಏಳು ದೇಶ ನೋಡಿ ಬಂದವನು, ಅದರಲ್ಲಿ ಮೂರು ದೇಶಗಳನ್ನು ಬಸ್ಸಿನಲ್ಲಿ ನಿದ್ದೆ ಮಾಡುತ್ತಾ. “ಇಡೀ ಪ್ರಪಂಚ ಒಲಿಂಪಿಕ್ಸ್‌ಗೆ ಅಟ್ಲಾಂಟಾಗೆ ಬರ್ತಿದೆ, ನೀನು ಇಲ್ಲಿಂದ ಎದ್ದು ಹಳ್ಳಿಗೆ ಹೋಗ್ತೀಯೇನೋ? ನನ್ನ ಹತ್ರ ಹಾಕಿ ಟಿಕೆಟ್ ಇದೆ ಕಣೋ.”

“ನಮ್ ಯಾಮಿನಿನ ಕರ್ಕೊಂಡು ಹೋಗು,” ಎಂದರು ಇವರು. “ ನಮ್ ರಾಜಿ ಸೆವೆಂಟಿಫೋರ್‌ನಲ್ಲೇ ಕಾಲೇಜಿಗೆ ಸೈಕಲ್ ಮೇಲೆ ಹೋಗ್ತಿದ್ದವಳು. ಅದಕ್ಕೇ ಅಲ್ವಾ ನಾನು ಮದ್ವೆ ಆಗಿದ್ದು.”

ಹೆಂಗಸರೆಲ್ಲ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಹದಿನೈದು ವರ್ಷದ ಮಗಳು ಯಾಮಿನಿ ಮಾತ್ರ ಹುಬ್ಬೇರಿಸಿದಳು. “ಅಮ್ಮ, ಯೂ ಬೈಕ್? ನಾನ್ ನೋಡೇ ಇಲ್ಲ.”

ಅವಳು ನೋಡದಿರಲು ಕಾರಣ ಸರಳ. ನನಗೆ ಸೈಕಲ್ ಬರುವುದಿಲ್ಲ.

ಇದರ ಮೂಲ ೧೯೭೭ರಲ್ಲಿ, ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿದೆ. ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಇಂಥ ಸಂದರ್ಭದಲ್ಲಿ ಹುಡುಗಿಗೆ ಏನೇನು ಬರುತ್ತದೆಂದು ಹೇಳುವ ಹೊಣೆ ಸೋದರಮಾವನದು, ಏನೇನು ನಿಜವಾಗಿ ಬರುತ್ತದೆ ಎಂಬ ಚಿಂತೆ ಯಾರದೂ ಅಲ್ಲ. ಮಾವ ಸಂಗೀತ, ಹೊಲಿಗೆ, ರಂಗೋಲಿ ಮುಗಿಸಿ, ಹುಡುಗ ಅಮೆರಿಕಕ್ಕೆ ಹೋಗುವವನೆಂದು ನೆನಪಾಗಿ, ಕೊನೆಯಲ್ಲಿ ಸೈಕಲ್ ಸೇರಿಸಿದ. ನಾನು ಆಗ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಹುಡುಗನ ಮುಖ ಅರಳಿತು. ಅಂದಿನಿಂದ ತಾನು ಆಧುನಿಕ ಮನುಷ್ಯ ಎನ್ನುವುದಕ್ಕೆ ಇವರ ಬಳಿ ಇರುವ ಒಂದೇ ಪುರಾವೆ ನನ್ನ ಸೈಕಲ್. ಮನೆಯಲ್ಲಿ ಒಂದು ಲೋಟ ತೊಳೆಯದವರು ಈ ಪುರಾವೆಯನ್ನು ಮಾತ್ರ ಹತ್ತೊಂಬತ್ತು ವರ್ಷ ಪ್ರತಿ ಪಾಟ್‌ಲಕ್ ಊಟದಲ್ಲೂ ತೊಳೆದು ಹೊಳಪಿಟ್ಟಿದ್ದಾರೆ.

ನಾನು ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮೂರು ಸಲ ಅಳೆಯದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಅಂಥವಳು ಈ ಒಂದು ಹೇಳಿಕೆಯನ್ನು ಒಮ್ಮೆಯೂ ಪರೀಕ್ಷಿಸದೆ ಇಷ್ಟು ಕಾಲ ಚಲಾವಣೆಯಲ್ಲಿಟ್ಟಿದ್ದೆ. ನಿಜವೇನೆಂದರೆ ನಾನು ಕಾಲೇಜಿಗೆ ಛತ್ರಿ ಹಿಡಿದು ನಡೆದು ಹೋಗುತ್ತಿದ್ದೆ. ಸೈಕಲ್ ಹುಡುಗಿಯರು ಬೆಲ್ ಹೊಡೆದು ನನ್ನ ಪಕ್ಕದಿಂದಲೇ ಹಾದು ಹೋಗುತ್ತಿದ್ದರು. ನನಗೂ ಒಂದು ಸೈಕಲ್ ಬೇಕೆಂದು ಅಪ್ಪನನ್ನು ಎರಡು ಸಲ ಕೇಳಿದ್ದೆ. ಮೂರನೆಯ ಸಲ ಕೇಳಲಿಲ್ಲ.

ಹೊರಡಲು ಆರು ವಾರವಿತ್ತು. ಬೇಸ್‌ಮೆಂಟಿನ ವ್ಯಾಯಾಮದ ಸೈಕಲ್ ಮೇಲಿಂದ ಒಗೆದ ಬಟ್ಟೆಗಳನ್ನು ತೆಗೆದು ದಿನವೂ ಅರ್ಧ ಗಂಟೆ ತುಳಿದೆ. ಒಟ್ಟು ನೂರ ಅರವತ್ತೊಂದು ಮೈಲಿ ಹೋದರೂ ಬೇಸ್‌ಮೆಂಟಿನಲ್ಲೇ ಇದ್ದೆ. ಆ ಯಂತ್ರ ಬೀಳುವುದಿಲ್ಲ, ಅದೇ ಅದರ ದೋಷ. ಲೈಬ್ರರಿಯ ಪುಸ್ತಕವೊಂದರಲ್ಲಿ ಸೈಕಲ್ಲಿನ ಸಮತೋಲನದ ಸಮೀಕರಣಗಳನ್ನೂ ಓದಿದೆ. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಬೇಕಂತೆ. ಓದಲು ಬಹಳ ಸೊಗಸಾಗಿತ್ತು.

ಫ್ರಾನ್ಸಿನ ಆ ಊರಿನ ಹೆಸರನ್ನು ಉಚ್ಚರಿಸಲು ನಮಗಿಬ್ಬರಿಗೂ ಕೊನೆಯವರೆಗೂ ಬರಲಿಲ್ಲ, ಆದ್ದರಿಂದ ಬಿಡುತ್ತೇನೆ. ನೂರಿಪ್ಪತ್ತು ಮನೆ, ಒಂದು ಕಾಲುವೆ, ನಮ್ಮನ್ನು ಕಂಡು ಮೇಯುವುದನ್ನು ನಿಲ್ಲಿಸಿದ ಬಿಳಿ ಹಸುಗಳು. ಬಾಡಿಗೆ ಸೈಕಲ್ಲಿನ ಮುದುಕನ ಅಂಗಡಿಯಲ್ಲಿ ಇವರು ನನಗೊಂದು ಸೈಕಲ್ ಆರಿಸುತ್ತಿರುವಾಗ ಮೂಲೆಯಲ್ಲಿ ಇಬ್ಬರು ಕೂರುವ ಉದ್ದನೆಯ ಜೋಡಿ ಸೈಕಲ್ ಕಾಣಿಸಿತು. ಮುಂದಿನವರು ಓಡಿಸುತ್ತಾರೆ, ಹಿಂದಿನವರು ತುಳಿದರೆ ಸಾಕು.

“ಇದೇ ತಗೊಳ್ಳೋಣ ರೀ,” ಎಂದೆ. “ಜೊತೇಲಿ ಹೋಗ್ಬಹುದು. ಆನಿವರ್ಸರಿ ಅಲ್ವಾ.”

ನನ್ನ ಬಾಯಿಂದ ಇಂಥ ಮಾತು ಬಂದದ್ದು ಮದುವೆಯಾದ ಮೇಲೆ ಮೊದಲ ಸಲ. ಇವರು ಗಾಬರಿಯಾಗಿ ಒಪ್ಪಿಕೊಂಡರು.

ಹೀಗೆ ಮೂರು ದಿನ ನಾನು ಫ್ರಾನ್ಸಿನ ಗ್ರಾಮೀಣ ಸೌಂದರ್ಯವನ್ನು ಸವಿದೆ. ಬಹುಪಾಲು ಅದು ತ್ಯಾಗರಾಜರ ಬೆನ್ನಾಗಿತ್ತು, ಹಸಿರು ಪಟ್ಟೆಯ ಟೀ ಶರ್ಟಿನಲ್ಲಿ. ಬದಿಗೆ ತಿರುಗಿದರೆ ಹಸು, ಮತ್ತೆ ಬದಿಗೆ ತಿರುಗಿದರೆ ಅದೇ ಹಸುವಿನ ತಂಗಿ.

ಕರಪತ್ರದಲ್ಲಿ ಐದು ಆಕರ್ಷಣೆಗಳಿದ್ದವು. ಹನ್ನೆರಡನೆಯ ಶತಮಾನದ ಚರ್ಚಿಗೆ ಬೀಗ ಹಾಕಿತ್ತು, ಬೀಗದ ಕೈ ಬ್ರೆಡ್ ಅಂಗಡಿಯವಳ ಹತ್ತಿರ, ಬ್ರೆಡ್ ಅಂಗಡಿಗೆ ಸೋಮವಾರ ರಜೆ. ಮರದ ಚಪ್ಪಲಿಗಳ ಮ್ಯೂಸಿಯಂ ಭಾನುವಾರ ಮಾತ್ರ ಎರಡು ಗಂಟೆ ತೆರೆಯುತ್ತದೆ, ನಾವು ಬಂದಿಳಿದಾಗ ಆ ಎರಡು ಗಂಟೆ ಮುಗಿದಿತ್ತು. ನಾನೂರು ವರ್ಷದ ಓಕ್ ಮರ ಕಬ್ಬಿಣದ ಊರುಗೋಲುಗಳ ಮೇಲೆ ನಿಂತು ಯಾರಾದರೂ ತನ್ನನ್ನು ಬೀಳಲು ಬಿಟ್ಟಾರೆಯೇ ಎಂದು ಕಾಯುತ್ತಿತ್ತು. ನಾಲ್ಕನೆಯದು ಹಳೆಯ ಕಾಲದ ಬಟ್ಟೆ ಒಗೆಯುವ ಕಟ್ಟೆ. ಅದನ್ನು ಇವರು ಕ್ಯಾಮ್‌ಕಾರ್ಡರ್‌ನಲ್ಲಿ ಹನ್ನೊಂದು ನಿಮಿಷ ಸೆರೆಹಿಡಿದರು. ಮೈಸೂರಿನಲ್ಲಿ ನಮ್ಮಜ್ಜಿ ಒಗೆಯುತ್ತಿದ್ದ ಕಲ್ಲಿಗೆ ಈ ಗೌರವ ಸಿಕ್ಕಿರಲಿಲ್ಲ. ಬಹುಶಃ ಅಲ್ಲಿ ಅಜ್ಜಿ ಇನ್ನೂ ಒಗೆಯುತ್ತಿದ್ದದ್ದೇ ಕಾರಣ.

ಐದನೆಯದು ಕಾಲುವೆ. ದಂಡೆಯ ಮೇಲೆ ಎರಡೂ ಕಡೆ ಮರಗಳ ನಡುವೆ ಸೈಕಲ್ ದಾರಿ, ಟೇಬಲ್ಲಿನಷ್ಟು ಸಮತಟ್ಟು. ಬುಧವಾರ ಬೆಳಗ್ಗೆ ಅಲ್ಲಿ ಇವರು ಸೈಕಲ್ ನಿಲ್ಲಿಸಿ ಇಳಿದರು.

“ಈಗ ನೀನು ಮುಂದೆ ಕೂತ್ಕೋ ರಾಜಿ. ನಾನು ಹಿಂದಿಂದ ಶೂಟ್ ಮಾಡ್ತೀನಿ. ಈ ಸೀನ್ ನೋಡಿ ಕೃಷ್ಣಪ್ರಸಾದ ಸಾಯ್ಬೇಕು.”

“ಬೇಡ. ಅಭ್ಯಾಸ ತಪ್ಪಿದೆ.”

“ಸೈಕ್ಲಿಂಗ್ ಯಾರಿಗಾದ್ರೂ ಮರ್ತು ಹೋಗುತ್ತಾ?”

“ಕಲಿತಿದ್ರೆ ಮರೆಯಲ್ಲ.”

ಇವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಇವರೂ ನಗಲಿಲ್ಲ.

ಕಾಲುವೆಯ ತೂಬಿನ ಪಕ್ಕದ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದೆ. ಇವರು ಕ್ಯಾಮ್‌ಕಾರ್ಡರ್ ಆಫ್ ಮಾಡಿ ಚೀಲಕ್ಕೆ ಹಾಕಿದರು.

“ಅವತ್ತೇ ಹೇಳ್ಬಹುದಿತ್ತಲ್ಲ.”

“ಕೈಲಿ ಕಾಫಿ ತಟ್ಟೆ ಇತ್ತು. ಬೀಳಿಸ್ಲಾ?”

“ಆಮೇಲೆ?”

“ಆಮೇಲೆ ಯಾವಾಗ? ನೀವು ಪಾರ್ಟಿಲಿ ಹೇಳೋಕೆ ಮುಂಚೆನಾ, ಎಲ್ಲರೂ ವಾವ್ ಅಂದ್ಮೇಲಾ?”

“ಕೃಷ್ಣಪ್ರಸಾದನಿಗೆ ಈಗ ಏನ್ ಹೇಳ್ಲಿ ನಾನು?”

ಹತ್ತೊಂಬತ್ತು ವರ್ಷದ ದಾಂಪತ್ಯ ಅಲುಗಾಡಿದಾಗ ಗಂಡನಿಗೆ ಮೊದಲು ಕಾಡುವ ಪ್ರಶ್ನೆ ಇದು. “ನಂಗೆ ಸೈಕಲ್ ಬರಲ್ಲ ಅಂತ ನಿಮಗೆ ಬೇಜಾರಾ,” ಎಂದು ಕೇಳಿದೆ, “ಅಥವಾ ನೀವು ಸೈಕಲ್ ಬರೋಳನ್ನ ಮದ್ವೆ ಆಗಿಲ್ಲ ಅಂತಾನಾ?”

 ಇವರು ಎದ್ದು ಸೈಕಲ್ ತಳ್ಳಿಕೊಂಡು ನಡೆದರು. ಅದು ಇಬ್ಬರು ಕೂರುವ ಸೈಕಲ್ ಆದ್ದರಿಂದ ಒಬ್ಬರು ಕೋಪಿಸಿಕೊಂಡು ಹೋಗುವುದು ನೋಡಲು ಸ್ವಲ್ಪ ಅಸಹಜವಾಗಿತ್ತು. ರಾತ್ರಿ ಊಟಕ್ಕೆ ಬ್ರೆಡ್, ಟೊಮ್ಯಾಟೊ ಮತ್ತು ನಾನು ತಂದಿದ್ದ ಚಟ್ನಿಪುಡಿ.

ಗುರುವಾರ ಬೆಳಗ್ಗೆ ಇವರು ಚರ್ಚ್ ನೋಡಲು ಒಬ್ಬರೇ ಹೊರಟರು. ನಾನು ಮುದುಕನ ಅಂಗಡಿಗೆ ಹೋಗಿ ಕೈಯಿಂದ ನನ್ನ ಸೊಂಟದ ಕೆಳಗಿನ ಎತ್ತರ ತೋರಿಸಿ, ನೆಲಕ್ಕೆ ಕಾಲು ಎಟಕುವ ಒಂದು ಸೈಕಲ್ ಕೇಳಿದೆ. ಅವನು ನನ್ನ ಮುಖ ನೋಡಿ ಸೀಟನ್ನು ಇನ್ನೂ ಎರಡು ಬೆರಳು ಇಳಿಸಿದ. ಆ ಊರಿನಲ್ಲಿ ನನ್ನನ್ನು ಸರಿಯಾಗಿ ಅಂದಾಜು ಮಾಡಿದವನು ಅವನೊಬ್ಬನೇ.

ನನಗೆ ನಲವತ್ತೊಂದು ವರ್ಷ. ಹದಿನೆಂಟಕ್ಕೆ ಸಿಗಬೇಕಾದದ್ದನ್ನು ಸುಳ್ಳಿನ ರೂಪದಲ್ಲಷ್ಟೇ ಇಟ್ಟುಕೊಂಡಿದ್ದೆ. ಈಗ ಆ ಸುಳ್ಳೂ ಹೋಗಿತ್ತು. ನಿಜವಾದದ್ದು ಈ ವಾರ ಬರದಿದ್ದರೆ ಇನ್ನು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಗೈದರ್ಸ್‌ಬರ್ಗ್‌ನಲ್ಲಿ ಮತ್ತೆ ಕಾರು, ಕಂಪನಿ, ಬೇಸ್‌ಮೆಂಟು.

ಕಾಲುವೆಯ ದಾರಿಯಲ್ಲಿ ಆರು ಸಲ ಬಿದ್ದೆ. ಪುಸ್ತಕದ ಸಮೀಕರಣ ಸರಿಯಾಗಿಯೇ ಇತ್ತು, ಆದರೆ ಬೀಳುವ ಕಡೆಗೆ ಹ್ಯಾಂಡಲ್ ತಿರುಗಿಸಲು ಮೊದಲು ಎಡಕ್ಕೆ ಬೀಳುತ್ತಿದ್ದೇನೆಯೋ ಬಲಕ್ಕೋ ಎಂದು ತೀರ್ಮಾನಿಸಬೇಕು, ಅಷ್ಟರಲ್ಲಿ ನೆಲ ತೀರ್ಮಾನಿಸಿರುತ್ತಿತ್ತು. ಆರನೆಯ ಸಲ ಎದ್ದಾಗ ಇವರು ಮುಂದೆ ನಿಂತಿದ್ದರು. ಚರ್ಚಿಗೆ ಮತ್ತೆ ಬೀಗ ಹಾಕಿತ್ತಂತೆ.

ನನ್ನ ಮೊಣಕಾಲಿನ ರಕ್ತ ನೋಡಿದರು. ಕ್ಯಾಮ್‌ಕಾರ್ಡರ್ ಚೀಲವನ್ನು ಬೆಂಚಿನ ಮೇಲಿಟ್ಟು ಬಂದು ಸೀಟಿನ ಹಿಂಭಾಗ ಹಿಡಿದರು.

“ಪೆಡಲ್ ನೋಡ್ಬೇಡ. ಮುಂದೆ ನೋಡು.”

“ನೀವು ಕೈ ಬಿಡುವಾಗ ಹೇಳಿ ಬಿಡ್ಬೇಕು. ಹೇಳ್ದೆ ಬಿಟ್ರೆ ಒಪ್ಪಲ್ಲ. ಹೇಳ್ದೇ ಇರೋದು ನಮ್ಮಿಬ್ಬರ ಮಧ್ಯೆ ಸಾಕಾಗಿದೆ.”

“ಹೇಳಿದ್ರೆ ಹೆದರ್ಕೊಳ್ತೀಯ.”

“ಹೆದರ್ಕೊಳ್ತೀನಿ. ಹೇಳಿ.”

ಓಡಿದರು. ನಲವತ್ತೇಳು ವರ್ಷದ ಎಂಜಿನಿಯರ್ ಏದುಸಿರು ಬಿಡುತ್ತಾ ನನ್ನ ಹಿಂದೆ ಓಡುವುದನ್ನು ನೋಡಲು ಎರಡು ಹಸುಗಳು ಬೇಲಿಯ ಹತ್ತಿರ ಬಂದವು. ಮೂರು ಸಲ ಹೀಗಾಯಿತು, ಮೂರು ಸಲವೂ ಬಿದ್ದೆ. ನಾಲ್ಕನೆಯ ಸಲ ಹಿಂದಿನಿಂದ ದನಿ ಬಂತು.

“ಬಿಡ್ತಾ ಇದೀನಿ ರಾಜಿ. ಬಿಟ್ಟೆ.”

ಹೆದರಿಕೊಂಡೆ. ಹೆದರಿಕೆಯ ಜೊತೆಯಲ್ಲೇ ತುಳಿದೆ. ಸೈಕಲ್ ಬಲಕ್ಕೆ ವಾಲಿತು, ಹ್ಯಾಂಡಲ್ ಬಲಕ್ಕೆ ತಿರುಗಿತು, ತಿರುಗಿಸಿದವಳು ನಾನೇ ಇರಬೇಕು. ಮರಗಳು ಒಂದೊಂದಾಗಿ ಹಿಂದಕ್ಕೆ ಹೋದವು. ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ಕಾಲುವೆ, ಅದರ ಮೇಲಿನ ಆಕಾಶ, ದೂರದಲ್ಲಿ ಒಂದು ಕಲ್ಲಿನ ಸೇತುವೆ ಎಲ್ಲ ಅಲ್ಲೇ ಇದ್ದವು. ಆಮೇಲೆ ನಿಲ್ಲಿಸುವುದನ್ನು ಕಲಿತಿಲ್ಲವೆಂದು ನೆನಪಾಯಿತು, ಹುಲ್ಲಿನ ಮೇಲೆ ಇಳಿದು ಕಾಲೂರಿ ನಿಂತೆ. ಬೀಳಲಿಲ್ಲ.

ಇವರು ಓಡಿ ಬಂದರು. “ಹಂಡ್ರೆಡ್ ಮೀಟರ್ಸ್ ಆರಾಮಾಗಿ ಆಗಿದೆ. ಕೃಷ್ಣಪ್ರಸಾದನಿಗೆ ಹೇಳುವಾಗ ಒಂದು ಮೈಲಿ ಅಂತ ಇಟ್ಕೊಳ್ಳೋಣ.”

“ಎಲ್ಲಿ ಕೈ ಬಿಟ್ರಿ?”

“ಆ ಮೂರನೇ ಮರದ ಹತ್ರ.”

“ಹೋಗಿ ಅಲ್ಲಿ ನಿಂತ್ಕೊಳ್ಳಿ.”

ತೂಬು ನೋಡಿಕೊಳ್ಳುವ ಹೆಂಗಸಿನ ಬಳಿ ಸನ್ನೆಯಲ್ಲೇ ಕೇಳಿ ಹತ್ತು ಮೀಟರಿನ ಟೇಪು ತಂದೆ. ಇವರು ಒಂದು ತುದಿ ಹಿಡಿದರು, ನಾನು ಇನ್ನೊಂದು. ಗೊಣಗಿದರೂ ಮೂರು ಸಲ ಅಳೆದೆವು. ಮೂರು ಸಲವೂ ಒಂದೇ ಬಂತು: ನಲವತ್ತೊಂದು ಮೀಟರ್, ಮೂವತ್ತು ಸೆಂಟಿಮೀಟರ್.