ಅಗ್ನಿ ಮೂಲಿಯ ಕೊಳವಿ

ಮೂವತ್ತೊಂದು ವರ್ಷ ನಾ ತಗಡಿನ ಪತ್ರಾ ಬಗ್ಗಿಸೀನಿ. ಆಕುರ್ಡಿ, ಚಿಂಚವಾಡ, ಭೋಸರಿ, ಈ ಮರಾಠಿ ಸೀಮಿಯ ಫ್ಯಾಕ್ಟರಿ ಊರಾಗ ಎಲ್ಲೆ ಕತ್ತೆತ್ತಿ ನೋಡಿದ್ರೂ ನಾ ಕೂಡಿಸಿದ ಹೊಗಿ ಕೊಳವಿ ಒಂದಾದ್ರೂ ಕಾಣ್ತದ. ಈರಬಸಪ್ಪ ಬಂದ ಅಂದ್ರ ಫ್ಯಾಕ್ಟರಿ ಸಾಹೇಬ್ರು ಎದ್ದು ಖುರ್ಚಿ ಕೊಡ್ತಿದ್ರು. ಅಂಥಾ ನನಗ ನನ್ನ ಅಡಗಿ ಮನಿ ಮೂಲ್ಯಾಗ ಅಂಗೈ ಅಗಲದ ಒಂದು ಕೊಳವಿ ಕೂಡಸಲಿಕ್ಕ ಆಗಲಿಲ್ಲ. ನಗೋರು ನಗ್ರಿ. ದೀಪದ ಬುಡಕ್ಕ ಕತ್ತಲ ಅಂತ ಹಿರ್ಯಾರು ಸುಮ್ಮ ಹೇಳಿಲ್ಲ.

ನಮ್ಮಾಕಿ ಶಿವಗಂಗವ್ವ ನಿಗಡಿಯೊಳಗ ರೊಟ್ಟಿ ಬಡಿಯೋ ಕೆಲಸ ಹಿಡದು ಹನ್ನೊಂದು ವರ್ಷ ಆಗಿತ್ತು. ದಿನಾ ಎರಡು ನೂರು ಜೋಳದ ರೊಟ್ಟಿ. ನಮ್ಮ ಕಡಿಂದ ದುಡೀಲಿಕ್ಕ ಬಂದ ಹುಡುಗೋರು ಮುಂಜಾನೆ ಏಳಕ್ಕ ಡಬ್ಬಿ ಹಿಡಕೊಂಡು ಬಾಗಲಾಗ ನಿಂತಿರ್ತಿದ್ರು. ಗ್ಯಾಸಿನ ಮ್ಯಾಲೆ ಅಕಿ ದೊಡ್ಡ ಹಂಚು ಕೂಡಂಗಿಲ್ಲ. ಕಟಗಿ ಒಲಿ ಹೊಗಿ ಕುಡದು ಕುಡದು ಅಕಿ ಎದಿ ಹಾಳಾತು. ಎರಡು ಮೆಟ್ಟಲ ಹತ್ತಿದ್ರ ಕೂಡಬೇಕು, ಒಂದು ಮಾತಾಡಿದ್ರ ನಾಕು ಸಲ ಕೆಮ್ಮಬೇಕು. ಡಾಕ್ಟರ್ ನನ್ನ ಹೊರಗ ಕರದು ಮರಾಠಿಯೊಳಗ ಹೇಳಿದ್ರು, ಇನ್ನೊಂದು ಮಳಿಗಾಲ ಹಿಂಗ ಹೊಗಿ ಕುಡದ್ರ ಇವರು ಉಳಿಯಂಗಿಲ್ಲ ಅಂತ.

"ಬಿಟ್ಟಬಿಡು ಈ ಉಸಾಬರಿ," ಅಂದೆ ನಾನು.

"ರೊಟ್ಟಿ ಬಿಟ್ಟು ಈ ಕೈಗಳಿಗೆ ಏನ್ ಕೊಡ್ಲಿ?" ಅಂದ್ಲು.

ಅದು ಎರಡು ಸಾವಿರದ ಎಂಟನೇ ಇಸ್ವಿ, ಜೂನ್ ತಿಂಗಳು. ನಾ ಒಂದು ಹೊಸಾ ಒಲಿ ತಂದೆ. ಕಟಗಿ ಭುಸಾ ಒತ್ತಿ ಮಾಡಿದ ಸಣ್ಣ ಸಣ್ಣ ಗುಳಿಗಿ ಸುರದ್ರ ಉರಿಯೋ ಒಲಿ. ಉರಿ ಭಾಳ ಚಲೋ, ಹೊಗಿ ಕಡಿಮಿ. ಕಡಿಮಿ ಅಂದ್ರ ಇಲ್ಲಂತಲ್ಲ, ಕೊಳವಿ ಹಾಕಿ ಹೊರಗ ಬಿಡಲೇಬೇಕು. ನನ್ನ ಜೋಡಿ ಇಪ್ಪತ್ತು ವರ್ಷ ಕೆಲಸ ಮಾಡಿದ ಸಂಕಪ್ಪನ್ನ ಕರಿಸಿದೆ. ಅಂವ ಅಡಗಿ ಮನಿ ಒಂದು ಸುತ್ತ ನೋಡಿ ಕಿಡಕಿ ಕಡೆ ಕೈ ಮಾಡಿದ.

"ಅಣ್ಣಾ, ಒಲಿ ಇಲ್ಲಿ ಇಡು. ಈ ಕಡೆ ಮ್ಯಾಲೆ ಮಾಳಿಗಿ ಇಲ್ಲ, ಬರೇ ತಗಡು, ಕೊಳವಿ ನೆಟ್ಟಗ ಮ್ಯಾಲ ಹೋಗ್ತದ. ಎರಡು ತಾಸಿನ ಕೆಲಸ, ಮ್ಯಾಲೊಂದು ಚಾ."

ನಮ್ಮಾಕಿ ಹಿಟ್ಟಿನ ಕೈ ಒರಸಿಕೊಂಡು ಬಾಗಲಿಗೆ ಬಂದು ನಿಂತ್ಲು. "ಅದು ಈಶಾನ್ಯ. ದೇವ ಮೂಲಿ. ಅಲ್ಲಿ ಒಲಿ ಬ್ಯಾಡ. ಒಲಿ ಅಗ್ನಿ ಮೂಲ್ಯಾಗ ಇರಬೇಕು, ಈಗ ಎಲ್ಲೆ ಅದನೋ ಅಲ್ಲೇ."

"ವೈನಿ, ಆ ಮೂಲ್ಯಾಗ ದೇವರು ಬಂದ್ರೂ ಕೊಳವಿ ಕೂಡಂಗಿಲ್ರಿ," ಅಂದ ಸಂಕಪ್ಪ.

"ಹಂಗಾರ ಕೊಳವಿನೇ ಬ್ಯಾಡ ಬಿಡ್ರಿ," ಅಂದು ಒಳಗ ಹೋದ್ಲು.

ಸಂಕಪ್ಪ ನನ್ನ ಮುಖಾ ನೋಡಿದ. ನಾ ನೆಲಾ ನೋಡಿದೆ. ಯಾಕಂದ್ರ ಅಕಿ ಬಾಯಿ ಬಿಟ್ಟು ಹೇಳದ ಮಾತು ನನಗ ಗೊತ್ತಿತ್ತು. ಮೊದಲ ನಾವು ಹಡಪಸರದಾಗ ಇದ್ವಿ. ತೊಂಬತ್ತಾರರಾಗ ಅಲ್ಲಿ ಖೋಲಿಯೊಳಗ ಹೊಗಿ ಭಾಳಾಗ್ತದ ಅಂತ ನಾನೇ ಒಲಿ ಕಿತ್ತು ಕಿಡಕಿ ಕಡೆ, ಈಶಾನ್ಯಕ್ಕ ಇಟ್ಟೆ. ಅಕಿ ಬ್ಯಾಡಂದ್ಲು. ಎಂಥಾ ಮೂಲಿ, ಎಂಥಾ ದಿಕ್ಕು, ಸುಮ್ಕಿರು ಅಂತ ಜಬರಿಸಿದೆ. ಅದಾಗಿ ಎರಡನೇ ತಿಂಗಳಿಗೆ ನಮ್ಮ ಒಬ್ಬನೇ ಮಗ ಮಾಂತುಗ ಕಾಮಣಿ ಆತು. ಹತ್ತೊಂಬತ್ತು ವರ್ಷದ ಹುಡುಗ, ಎಂಟ ದಿನದಾಗ ಹೋಗಿಬಿಟ್ಟ. ಒಲಿಗೂ ಕಾಮಣಿಗೂ ಏನ್ ಸಂಬಂಧ? ಏನೂ ಇಲ್ಲ. ನನಗ ಗೊತ್ತದ. ಆದ್ರ ಆ ಒಲಿ ಸರಿಸಿದ ಕೈ ಇವೇ, ಅದೂ ಗೊತ್ತದ. ಹನ್ನೆರಡು ವರ್ಷದಾಗ ಅಕಿ ಒಂದು ದಿನಾನೂ ನನ್ನ ಬೈದಿಲ್ಲ. ಬೈದಿದ್ರ ಚಲೋ ಇತ್ತು.

ಹಿಂಗಾಗಿ ಅಗ್ನಿ ಮೂಲಿನೇ ಹಿಡದೆ. ಏನ್ ಮೂಲಿಯೋ ಮಾರಾಯಾ! ಗೋಡಿಯಿಂದ ಮೊಳ ಹೊರಗ ಬಂದ ಕಂಬ. ಅದರ ಮ್ಯಾಲೆ ತೊಲಿ, ಅದಕ್ಕ ತೂತು ಹೊಡದ್ರ ಮ್ಯಾಲಿನ ಮಾಳಿಗಿ ತಲಿ ಮ್ಯಾಲೆ ಬೀಳ್ತದ. ಗೋಡಿ ಹೊರಗ ಮ್ಯಾಲಿನ ಮನಿ ಸಂಡಾಸದ ಪೈಪು. ಅದರಾಚೆ ನಾಕು ಹೆಜ್ಜಿಗೆ ಬಾಜೂದ ಬಿಲ್ಡಿಂಗಿನ ಗೋಡಿ. ಒಲಿಯಿಂದ ಮ್ಯಾಲ, ಅಲ್ಲಿಂದ ಎಡಕ್ಕ, ಕಂಬ ದಾಟಿ ಹೊರಗ, ಹೊರಗಿಂದ ಮತ್ತ ಮ್ಯಾಲ. ಮೂರು ಬೆಂಡ್. ಹೊಗಿಗೆ ಬಾಗಲಿಕ್ಕ ಬರಂಗಿಲ್ಲ ಅಂತ ನನಗ ಕೆಲಸ ಕಲಿಸಿದ ಉಸ್ತಾದ ಮೊದಲನೇ ದಿನಾನೇ ಹೇಳಿದ್ದ. ಒಂದು ಬೆಂಡ್ ತಡೀತದ, ಎರಡಕ್ಕ ಮುನಸ್ಕೋತದ, ಮೂರಕ್ಕ ಹೊಳ್ಳಿ ಮನಿಗೆ ಬರ್ತದ.

ಹಂಗೇ ಆತು. ಒಲಿ ಹಚ್ಚಿದ ಐದ ನಿಮಿಷಕ್ಕ ಹೊಗಿ ಎಲ್ಲಾ ಗುಳಿಗಿ ಹಾಕೋ ಬಾಯಿಂದ ವಾಪಸ್. ಬಿಚ್ಚಿದೆ. ಅಡ್ಡ ಕೊಳವಿಗೆ ಏರು ಕೊಟ್ಟು ಕೂಡಿಸಿದೆ. ಎರಡು ದಿನ ಎಳೀತು, ಮಳಿಗಾಳಿ ಆ ಸಂದಿಯೊಳಗ ಸುಳಿ ತಿರುಗಿ ಮತ್ತ ಒಳಗ ನೂಕಿತು. ತುದಿಗೆ ಟೊಪ್ಪಿಗಿ ಹಾಕಿದೆ. ಮ್ಯಾಲಿನ ಮನಿ ಭಾಮಾಬಾಯಿ ಬಗ್ಗಿ ನೋಡಿ, "ಅಹೋ ಈರಬಸಪ್ಪ, ಧೂರ್ ಯೇತೋಯ ಘರಾತ," ಅಂತ ಚೀರಿದ್ಲು. ನಿನ್ನ ಮನಿಯೊಳಗ ಅಷ್ಟಽ ಅಲ್ಲವ್ವ, ನನ್ನ ಮನಿಯೊಳಗೂ ಬಂದದ ಹೊಗಿ, ಅಂತ ಕನ್ನಡದಾಗ ಒದರಿದೆ. ಅಕಿಗೆ ತಿಳೀಲಿಲ್ಲ, ಸಿಟ್ಟು ಮಾತ್ರ ತಿಳೀತು.

ಪ್ರತಿ ಸಲ ನಮ್ಮಾಕಿ ಬಂದು ಒಲಿ ಮುಂದ ಕೂಡಾಕಿ, ಕೆಮ್ಮಾಕಿ, "ಮೊನ್ನಿಗಿಂತ ಕಡಿಮಿ ಅದರಿ," ಅನ್ನಾಕಿ. ಸುಳ್ಳು. ನನ್ನ ಸಲುವಾಗಿ ಹೇಳೋ ಸುಳ್ಳು. ಜುಲೈ ಎರಡನೇ ವಾರ ಹಂಚಿನ ಮುಂದನ ಉಸುರು ಹಿಡದು ಬಿದ್ಲು. ತುಟಿ ನೀಲಿ ಆಗಿದ್ವು. ದವಾಖಾನಿಗೆ ಹಾಕಿದ್ವಿ.

ಅಕಿ ಅಲ್ಲಿ ಮಲಗಿದ್ದಾಗ ನಾ ಹಟಕ್ಕ ಬಿದ್ದೆ. ಸಂಕಪ್ಪನ್ನ ಕರದು ಒಲಿ ಕಿಡಕಿ ಕಡೆ ಸರಿಸು ಅಂದೆ.

"ಅಣ್ಣಾ, ವೈನಿನ್ನ ಒಂದು ಮಾತು ಕೇಳು."

"ಕೇಳ್ಕೋತ ಕುಂತ್ರ ಅಕಿ ಸಾಯ್ತಾಳಲೇ!"

ಎರಡು ತಾಸಿನ ಕೆಲಸ, ಅಂವ ಹೇಳಿದಂಗ. ಒಂದೂ ಬೆಂಡ್ ಇಲ್ಲ. ಹಚ್ಚಿದ ಕೂಡಲೇ ಹೊಗಿ ಸರ್ ಅಂತ ಮ್ಯಾಲ ಹೋತು. ಮನಿಯೊಳಗ ಊದಬತ್ತಿಯಷ್ಟೂ ವಾಸನಿ ಇಲ್ಲ. ಬಂಗಾರದಂಥಾ ಕೆಲಸ. ನನ್ನ ಕಣ್ಣಾಗ ನೀರ ಬಂದ್ವು, ಖರೇನ ಹೇಳ್ತೀನಿ.

ಐದನೇ ದಿನ ಅಕಿನ್ನ ಮನಿಗೆ ಕರಕೊಂಡು ಬಂದೆ. ಬಾಗಲಾಗ ನಿಂತು ಒಲಿ ನೋಡಿದ್ಲು, ಖಾಲಿ ಮೂಲಿ ನೋಡಿದ್ಲು.

"ಯಾವಾಗ ಸರಿಸಿದ್ರಿ?"

"ಬುಧವಾರ. ಹಚ್ಚಿ ತೋರಿಸ್ಲೇನು?"

ಬ್ಯಾಡ ಅಂದ್ಲು. ಜಗಳಾಡಲಿಲ್ಲ. ನನ್ನ ಹತ್ತರ ಬಂದು ಕೈ ಹಿಂಬದಿ ನನ್ನ ಕುತ್ತಿಗಿಗೆ ಹಚ್ಚಿ ನಿಂತ್ಲು. ಮನಸು ಕರಗೇದ ಅಂತ ನಾ ತಿಳಕೊಂಡೆ. ಎಂಥಾ ಮಳ್ಳ ನಾನು.

ಮರುದಿನ ಮುಂಜಾನೆ ಹೊಗಿ ವಾಸನಿಗೆ ಎಚ್ಚರಾತು. ಎದ್ದು ಓಡಿದೆ. ಹೊಸಾ ಒಲಿ ತಣ್ಣಗ ನಿಂತಿತ್ತು. ಅಗ್ನಿ ಮೂಲ್ಯಾಗ, ಕಂಬದ ಬುಡಕ್ಕ, ಮೂರು ಇಟ್ಟಂಗಿ ಇಟ್ಟು ಹಸಿ ಕಟಗಿ ಒಟ್ಟಿ ಉರಿ ಹಚ್ಚಿದ್ಲು. ಕೊಳವಿ ಇಲ್ಲ, ಏನೂ ಇಲ್ಲ. ಸೆರಗು ಮೂಗಿಗೆ ಕಟಗೊಂಡು, ಕಣ್ಣು ಮುಚ್ಚಿ, ಪಟಪಟ ರೊಟ್ಟಿ ಬಡೀಲಿಕ್ಕ ಹತ್ತಿದ್ಲು. ಎದಿ ತಿದಿ ಒತ್ತಿದಂಗ ಏರಿಳೀತಿತ್ತು.

"ಸಾಯಬೇಕಂತ ಮಾಡೀ ಏನು? ಅಷ್ಟು ಚಂದ ಕೊಳವಿ ಹಾಕೀನಿ, ಹುಚ್ಚು ಹಿಡದದ ನಿನಗ?" ಅಂತ ಒದರಿದೆ.

ಕೆಮ್ಮು ನಿಲ್ಲೋತನಕ ತಡದು ಕೇಳಿದ್ಲು, "ಮಾಂತು ಹೋದಾಗ ನಿಮಗ ನಾ ಒಂದು ಮಾತು ಅಂದೀನೇನ್ರಿ?"

"ಇಲ್ಲ."

"ಅವಾಗ ಒಲಿ ಸರಿಸಿದ್ರಿ, ಅಂವ ಹೋದ. ಈಗ ಸರಿಸೀರಿ. ಇನ್ನ ಈ ಮನ್ಯಾಗ ನನ್ನವ್ರು ಅಂತ ಉಳದವ್ರು ಯಾರು, ನೀವ ಹೇಳ್ರಿ."

ಅಕಿ ಮೂಲಿಗೆ ಅಂಜತಾಳ, ದೇವರಿಗೆ ಅಂಜತಾಳ, ಒಳಗೊಳಗ ನನ್ನ ಮ್ಯಾಲೆ ಸಿಟ್ಟದ, ಏನೇನೋ ತಿಳಕೊಂಡಿದ್ದೆ. ಅಕಿ ಈ ಹೊಗಿ ಕುಡೀಲಿಕ್ಕ ಹತ್ತಿದ್ದು ನನ್ನ ಸಲುವಾಗಿ.

"ನನಗೇನೂ ಆಗಂಗಿಲ್ಲ ಗಂಗವ್ವ. ನೋಡು, ಗಟ್ಟಿ ಅದೀನಿ."

"ಅಂವನೂ ಹಂಗ ಅಂದಿದ್ದ," ಅಂದು ಹಿಟ್ಟಿನ ಕೈಲೇ ನನ್ನ ಕುತ್ತಿಗಿ ಮುಟ್ಟಿ, ಮೈ ಬಿಸಿ ಅದ ಏನಂತ ನೋಡಿದ್ಲು. ಆಮ್ಯಾಲ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿ ಹಾಕಿದ್ಲು.

ಬಾಗಲಾಗ ಹುಡುಗೋರ ಡಬ್ಬಿ ಸಪ್ಪಳ ಕೇಳಿಸ್ತು. ನಾ ಪಾನಾ ತಗೊಂಡು ಕಿಡಕಿ ಕಡೆ ಹೋಗಿ ನೆಟ್ಟಗಿನ ಕೊಳವಿ ನಟ್ಟು ಒಂದೊಂದ ಬಿಚ್ಚಿದೆ. ಎಲ್ಲಾ ಬಿಚ್ಚಿದ ಮ್ಯಾಲೆ ಸಂಕಪ್ಪಗ ಫೋನ್ ಹಚ್ಚಿ, ಮೂರು ಬೆಂಡ್ ತಗೊಂಡು ಬಾ ಅಂದೆ.