ಸುಟ್ಟ ಮೋಟರಿನ ಪರೀಕ್ಷೆ

"ಶರಣು, ನಾಳೆ ಬೆಳಿಗ್ಗೆ ಒಂದು ಮೋಟರ್ ತಗೊಂಡ್ ಬಾರಪ್ಪ. ಕೆಟ್ಟಿದ್ರೂ ಪರವಾಗಿಲ್ಲ, ಫೋಟೋಗೆ ಅಷ್ಟೇ."

ಫೋನಿನಲ್ಲಿ ರಾಧಾಮಣಿ ಮೇಡಂ. ನಾನು ಒಂಬತ್ತನೇ ಕ್ಲಾಸಿಗೆ ಬಿಟ್ಟು ಬಂದ ಹೈಸ್ಕೂಲಿನ ಮೇಡಂ. ಬಿಟ್ಟಾಗ ಯಾರೂ ಫೋನ್ ಮಾಡಿರಲಿಲ್ಲ. ಈಗ ನನ್ನ ತಂಗಿ ಶೀತಲ್ ಅವರ ಹತ್ತನೇ ಕ್ಲಾಸಿನಲ್ಲಿದ್ದಾಳೆ, ನಂಬರು ಅವಳ ಹತ್ತಿರ ಸಿಕ್ಕಿತು.

ನಾನು ಯಲಹಂಕದಲ್ಲಿ ಮೋಟರ್ ವೈಂಡಿಂಗ್ ಕೆಲಸ ಮಾಡುತ್ತೇನೆ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಶೀತಲ್‌ಗೂ ಅದೇ ಹುಚ್ಚು. ಹಿಂದಿಯ ಬದಲು ಎಲೆಕ್ಟ್ರಿಕಲ್ ತೆಗೆದುಕೊಂಡಿದ್ದಳು, ಅದರ ಪ್ರಾಕ್ಟಿಕಲ್ ಮರುದಿನ. ಪಾಸಾದರೆ ಐಟಿಐ. "ಒಂದ್ ಸಬ್ಜೆಕ್ಟ್ ಹೋದ್ರೂ ನನ್ನ ಜೋಡಿ ಗಾರ್ಮೆಂಟ್ಸಿಗೆ ಬಾ" ಎಂದು ಅವ್ವ ಹೇಳಿ ಆಗಿತ್ತು. ಅವ್ವ ತಮಾಷೆಗೆ ಏನನ್ನೂ ಹೇಳುವುದಿಲ್ಲ.

ಅಂಗಡಿಯ ಓನರ್ ಅನಂತರಾಜು ನಕ್ಕರು. "ಸ್ಕೂಲ್ ಬಿಟ್ಟೋನ್ನ ಸ್ಕೂಲ್‌ನೋರೇ ಕರೀತಾವ್ರೆ. ಓಮ್ ವರ್ಕ್ ಮಾಡ್ಕೊಂಡೋಗಲೇ ಮಗಾ!" ರಾಜಾನುಕುಂಟೆಯ ಲೇಔಟಿನಿಂದ ಸುಟ್ಟು ಬಂದಿದ್ದ ಒಂದು ಎಚ್‌ಪಿ ಮೋಟರನ್ನು ಗಾಡಿಗೆ ಕಟ್ಟಿಕೊಂಡು ಮರುದಿನ ಬೆಳಿಗ್ಗೆ ಎಂಟಕ್ಕೇ ಸ್ಕೂಲಿಗೆ ಹೋದೆ. ಪರೀಕ್ಷೆ ಹತ್ತಕ್ಕಿತ್ತು.

ಕ್ಲಾಸಿನ ಮೂಲೆಯಲ್ಲಿ ಆರು ಹೊಸ ಪೆಟ್ಟಿಗೆಗಳು, ಶೀತಲ್ ಒಂಬತ್ತನೇ ಕ್ಲಾಸಿಗೆ ಸೇರಿದಾಗ ಬಂದವು. ಟೂಲ್ಸು, ಮೀಟರು, ಮೋಟರು, ಎಲ್ಲ ಅದರೊಳಗೇ ಇದೆಯಂತೆ. ಟೇಪು ಕೂಡ ಕಿತ್ತಿಲ್ಲ.

"ಎರಡು ವರ್ಷದಿಂದ ಹಿಂಗೇ ಇದ್ಯಾ ಮೇಡಂ?"

"ಹಿಂದಿನ ಮೇಷ್ಟ್ರು ಒಂದು ಮೀಟರ್ ಒಡೆದಿದ್ರು. ಅವರ ರಿಟೈರ್‌ಮೆಂಟ್ ಪೇಪರ್ ಇನ್ನೂ ಆಫೀಸಿಂದ ಆಫೀಸಿಗೆ ಓಡಾಡ್ತಿದೆ. ನನ್ನ ರಿಟೈರ್‌ಮೆಂಟಿಗೆ ಮೂರು ತಿಂಗಳು ಇದೆ ಕಣೋ. ಇದ್ದ ಹಾಗೇ ಒಪ್ಪಿಸಿ ಹೋಗ್ತೀನಿ."

ಬೈಯುವಂತಿರಲಿಲ್ಲ. ಮಾತಾಡುತ್ತಲೇ ಒಂದು ಪೆಟ್ಟಿಗೆಯ ಟೇಪನ್ನು ಇನ್ನಷ್ಟು ಒತ್ತಿ ಅಂಟಿಸಿದರು.

ಪರೀಕ್ಷೆಗೆ ಇನ್ನೂ ಹೊತ್ತಿತ್ತು, ಬಂದು ಕೂತಿದ್ದ ಮಕ್ಕಳ ಮುಂದೆ ಮೋಟರ್ ಇಟ್ಟೆ. ಅವರಿಗೆ ಎಲ್ಲ ಬಾಯಿಪಾಠ. ಮೋಟರ್ ಓಡದಿದ್ದರೆ ಮೊದಲು ಏನು ಮಾಡಬೇಕು ಎಂದೆ. ಸುಫಿಯಾನ್ ಎಂಬ ಹುಡುಗ ಎದ್ದು ನಿಂತ. "ಮೊದಲು ಮೇಲ್ವಿಚಾರಕರಿಗೆ ತಿಳಿಸಬೇಕು!"

"ನಿಮ್ಮನೇಲಿ ಮೋಟರ್ ನಿಂತೋದ್ರೆ ಮೇಲ್ವಿಚಾರಕ ಯಾರಪ್ಪಾ?"

"ನಮ್ಮ ಅಮ್ಮಿ, ಅಣ್ಣ."

ಎಲ್ಲರೂ ನಕ್ಕರು. ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. ಬಿಚ್ಚಬೇಕಾದದ್ದನ್ನು ಬಿಗಿ ಮಾಡಿದ.

"ಆ ಬಾಯಿಪಾಠ ಎಲ್ಲ ಮರೆತುಬಿಡಿ" ಎಂದೆ. "ಮೊದಲು ಕರೆಂಟ್ ಕಿತ್ತುಹಾಕಿ. ಆಮೇಲೆ ಮೂಸಿ ನೋಡಿ. ಸುಟ್ಟಿದ್ರೆ ಮೂಗಿಗೇ ಗೊತ್ತಾಗತ್ತೆ."

ಇಪ್ಪತ್ತೆಂಟು ಮಕ್ಕಳು ಸಾಲಾಗಿ ಬಂದು ಮೂಸಿದರು. ಮುಚ್ಚಳ ಬಿಚ್ಚಿಸಿದೆ. ಯಾವ ಕಾಯಿಲ್ ಸುಟ್ಟಿದೆ ಎಂದು ಶೀತಲ್ ಬೆರಳಿಟ್ಟು ತೋರಿಸಿದಳು, ಸರಿಯಾಗಿತ್ತು. ಎಲ್ಲರ ತಲೆ ಮೋಟರಿನ ಮೇಲೆ ಬಾಗಿತ್ತು. ಈ ರೂಮಿನಲ್ಲಿ ನಾನು ಕೂತಿದ್ದಾಗ ಹೀಗೆ ಒಂದು ದಿನವೂ ನಡೆದಿರಲಿಲ್ಲ.

ಹತ್ತಕ್ಕೆ ಪರೀಕ್ಷಕರು ಬಂದರು. ಕೈಯಲ್ಲೊಂದು ಟ್ಯಾಬ್. "ಹನ್ನೆರಡಕ್ಕೆ ಹೆಬ್ಬಾಳದಲ್ಲಿ ಇನ್ನೊಂದು ಸ್ಕೂಲ್ ಇದೆ ಮೇಡಂ" ಎನ್ನುತ್ತಲೇ ಒಳಗೆ ಬಂದವರು ಮಕ್ಕಳ ಕೈ ನೋಡಿದರು. "ಏನಿದು ಮಸಿ? ಫೋಟೋ ರಿಜೆಕ್ಟ್ ಆಗತ್ತೆ. ತೊಳ್ಕೊಂಡ್ ಬನ್ನಿ."

ಮಕ್ಕಳು ನಲ್ಲಿಯ ಹತ್ತಿರ ಸೋಪು ಹಚ್ಚಿ ಉಜ್ಜಿಕೊಂಡು ಬಂದರು. ಒಬ್ಬೊಬ್ಬರಾಗಿ ಟೇಪು ಹಾಕಿದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ನನ್ನ ಮೋಟರು ಗಲೀಜಾಗಿ ಕಾಣುತ್ತದೆಂದು ಬಾಗಿಲ ಹೊರಗೆ ಇಡಿಸಿದರು. ನಾನೂ ಅದರ ಪಕ್ಕ ಕಿಟಕಿಯ ಹತ್ತಿರ ನಿಂತೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಆಮೇಲೆ ಟ್ಯಾಬಿನಲ್ಲಿ ಹತ್ತು ಹತ್ತು ಪ್ರಶ್ನೆ. ಐದು ಸರಿಯಾದರೆ ಪಾಸು. ಬಾಯಿಪಾಠ ಮಾಡಿದವರೆಲ್ಲ ಟಕಟಕ ಒತ್ತಿ ಎದ್ದರು, ಸುಫಿಯಾನ್‌ಗೆ ಒಂಬತ್ತು. ಕೊನೆಗೆ ಶೀತಲ್ ಕೂತಳು. ಪ್ರತಿ ಪ್ರಶ್ನೆಗೂ ಯೋಚನೆ ಮಾಡಿದಳು.

"ನಾಲ್ಕು ಸರಿ ಆಗಿದೆಯಮ್ಮಾ, ಇದೇ ಕೊನೇದು" ಎಂದು ಪರೀಕ್ಷಕರು ಜೋರಾಗಿ ಓದಿದರು. "ಮೋಟರ್ ಓಡದಿದ್ದಾಗ ಮೊದಲು ಏನು ಮಾಡುವಿರಿ? ಎ, ಹೊಸ ಮೋಟರ್ ಜೋಡಿಸುವುದು. ಬಿ, ಮೇಲ್ವಿಚಾರಕರಿಗೆ ತಿಳಿಸುವುದು. ಸಿ, ಮತ್ತೆ ಮತ್ತೆ ಸ್ವಿಚ್ ಹಾಕುವುದು. ಡಿ, ನೀರು ಹಾಕುವುದು."

"ಕರೆಂಟ್ ಕಿತ್ತು ಮೂಸಿ ನೋಡ್ಬೇಕು ಸರ್."

ಅವರು ಕತ್ತೆತ್ತಿ ನೋಡಿದರು. "ಮೂಸೋದಾ? ಇದೇನು ಅಡುಗೆ ಮನೇನಾ?"

"ಈ ನಾಲ್ಕರಲ್ಲಿ ಆ ಉತ್ತರ ಇಲ್ಲ ಸರ್" ಎಂದಳು ಶೀತಲ್.

"ಇರೋದ್ರಲ್ಲಿ ಒತ್ತಮ್ಮಾ. ಮೂವತ್ತು ಸೆಕೆಂಡ್ ಇದೆ."

ಶೀತಲ್ ಒತ್ತಲಿಲ್ಲ. ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ಹೆದರಿಕೆ ಇರಲಿಲ್ಲ ಆ ಮುಖದಲ್ಲಿ. ನೀನೇ ಒಳಗೆ ಬಂದು ಇವರಿಗೆ ಹೇಳು ಎನ್ನುವ ಹಾಗಿತ್ತು. ರಾಧಾಮಣಿ ಮೇಡಂ ಕೂಡ ನನ್ನನ್ನೇ ನೋಡುತ್ತಿದ್ದರು. ನನಗೆ ಗಾರ್ಮೆಂಟ್ಸಿನ ಬೆಳಗಿನ ಬಸ್ಸು ಕಣ್ಣಿಗೆ ಬಂತು, ಅದರೊಳಗೆ ಅವ್ವನ ಪಕ್ಕದ ಸೀಟು.

ಎರಡು ಬೆರಳು ಎತ್ತಿದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತಿರುಗಿ ಬಿ ಒತ್ತಿದಳು.

"ಪಾಸ್" ಎಂದರು ಪರೀಕ್ಷಕರು. ಮೇಡಂ ಉಸಿರು ಬಿಟ್ಟು, ಪೆಟ್ಟಿಗೆಗಳ ಮೇಲಿನ ಧೂಳು ಒರೆಸಲು ಹೇಳಿದರು.

ಗಾಡಿಯಲ್ಲಿ ಶೀತಲ್ ಹಿಂದೆ ಕೂತಳು. ದಿನಾ ನನ್ನ ಹೆಗಲು ಹಿಡಿದು ಕೂರುವವಳು ಸೀಟಿನ ಹಿಂದಿನ ಕಬ್ಬಿಣದ ಸರಳು ಹಿಡಿದಿದ್ದಳು. ಅಟ್ಟೂರಿನ ಹತ್ತಿರ ಸಿಗ್ನಲ್ಲಿಗೆ ನಿಂತೆವು.

"ಐಟಿಐ ಸಿಗತದ ಬಿಡು" ಎಂದೆ.

"ಹೂಂ."

"ಐತವಾರ ಅಂಗಡಿಗೆ ಬಾ. ಒಂದ್ ಮೋಟರ್ ಪೂರಾ ನಿನ್ನ ಕೈಲೇ ಮಾಡಸ್ತೀನಿ."

"ಬ್ಯಾಡಣ್ಣ." ಸಿಟ್ಟಿನಿಂದ ಹೇಳಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತು. "ಐಟಿಐದಾಗೂ ಹಿಂಗ ಕೇಳ್ತಾರಂತ. ಮೇಡಂ ಹತ್ರ ಗೈಡ್ ಅದ. ಅದನ್ನ ಓದ್ತೀನಿ."

ಸಿಗ್ನಲ್ ಬಿಟ್ಟಿತು. ಹಿಂದಿನ ಆಟೋದವನು ಹಾರನ್ ಹೊಡೆಯತೊಡಗಿದ.

"ಓದು" ಎಂದೆ.