ತಳ ಒಡೆದ ಬಕೆಟ್

ದೋಣಿಯಿಂದ ಹಗ್ಗ ಹಾರಿ ಬಂತು. ಹಿಡಿಯಲು ಜೆಟ್ಟಿಯ ಮೇಲಿದ್ದ ಯಾರೂ ಕೈ ಚಾಚಲಿಲ್ಲ. ಡೀಸೆಲ್ ಡಬ್ಬಗಳ ಮೇಲೆ ಕೂತು ಟೀ ಕುಡಿಯುತ್ತಿದ್ದ ದೋಣಿಯವರೆಲ್ಲ, ಹಗ್ಗ ಸಿಮೆಂಟಿನ ಮೇಲೆ ಬಿದ್ದು, ಜಾರಿ, ಮತ್ತೆ ನೀರಿಗಿಳಿಯುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದರು. ದೋಣಿಯಲ್ಲಿದ್ದ ತರುಣ ತಾನೇ ಜೆಟ್ಟಿಗೆ ಹಾರಿ, ಒದ್ದೆ ಹಗ್ಗವನ್ನು ಎಳೆದು ಕಟ್ಟಿದ.

ಪೇಟೆಯಿಂದ ಬರುವವರನ್ನು ಸಣ್ಣ ದೋಣಿಗಳಲ್ಲಿ ಕಡಲಿಗೆ ಕರೆದೊಯ್ದು ಗಾಳ ಹಾಕಿಸುವುದು ಇವರ ಕಸುಬು. ಹವಾಮಾನಕ್ಕೆ ಹೆದರಿ ಹೊತ್ತಿಗೆ ಮುಂಚೆ ದೋಣಿ ತಿರುಗಿಸಿ ಬಂದವನ ಹಗ್ಗವನ್ನು ಹಿಡಿಯಬಾರದು ಎನ್ನುವುದು ಇವರೇ ಮಾಡಿಕೊಂಡ ಕಟ್ಟಳೆ. ಸಾಲದ್ದಕ್ಕೆ ತಳ ಒಡೆದ ನೀಲಿ ಬಕೆಟ್ ಒಂದಿತ್ತು. ಅದನ್ನು ಅವನ ದೋಣಿಯ ಮುಂಭಾಗದ ಕಂಬಕ್ಕೆ ಕಟ್ಟುತ್ತಿದ್ದರು. ಇನ್ನೊಬ್ಬ ಹಾಗೆ ಬರುವವರೆಗೆ ಅದು ಅಲ್ಲೇ ನೇತಾಡಬೇಕು. ಈ ಘನಕಾರ್ಯಕ್ಕೆ ಎಲ್ಲರಿಗಿಂತ ಮುಂದಿರುತ್ತಿದ್ದವನು ಗಡಿಯಾರ. ಒಂದು ದಿನವೂ ಹೊತ್ತಿಗೆ ಮುಂಚೆ ಮರಳಿದವನಲ್ಲ ಎಂದು ಅವನಿಗೆ ಆ ಹೆಸರು ಬಿದ್ದಿತ್ತು. ಹೆಸರಿನ ಮೇಲೆ ಅವನಿಗೆ ಹೆಂಡತಿಗಿಂತ ಹೆಚ್ಚು ಪ್ರೀತಿ.

ಅಂದು ಬೆಳಿಗ್ಗೆ ಮರಳಿದವನು ಅವನ ಭಾವಮೈದುನ, ಹೆಂಡತಿಯ ಸ್ವಂತ ತಮ್ಮ. ಹೊರಗೆ ಕಂಡ ಕಪ್ಪು ಮೋಡ ಅವನು ದಡ ಸೇರುವಷ್ಟರಲ್ಲಿ ಕರಗಿ, ಬಿಸಿಲು ಚುರುಚುರು ಎನ್ನುತ್ತಿತ್ತು. ಬೇಸಿಗೆಯ ಕೊನೆಯ ಕಡಲಿಗೆ ನಿಯತ್ತಿಲ್ಲ.

"ಏನಪ್ಪಾ, ಮೋಡ ನೋಡಿ ಓಡಿ ಬಂದ್ಯಾ? ಪಾಪ, ಮೋಡಾನೂ ನಿನ್ನ ನೋಡಿ ಓಡಿಹೋಗಿದೆ!" ಎಂದು ಗಡಿಯಾರ ಬಕೆಟ್ ಕಟ್ಟತೊಡಗಿದ. ಡಬ್ಬಗಳ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಭಾವ, ದೋಣೀಲಿ ಮಕ್ಕಳಿದ್ರು."

"ಮನೇಲೂ ಮಕ್ಕಳಿದಾರೆ. ಅವರ ಜೊತೆ ಆಡ್ಕೊಂಡು ಕೂತ್ಕೋ."

ಭಾವಮೈದುನ ದೋಣಿಯ ಹಲಗೆಯನ್ನೇ ನೋಡುತ್ತಾ ನಿಂತ. ಗಡಿಯಾರನ ಹೆಂಡತಿ ಪಕ್ಕದ ದೋಣಿಯಲ್ಲಿ ಗಾಳಕ್ಕೆ ಸಿಗಿಸಲು ಸಣ್ಣ ಮೀನು ಕತ್ತರಿಸುತ್ತಿದ್ದಳು. ಕತ್ತಿ ಹಲಗೆಗೆ ಬಡಿಯುವ ಸದ್ದು ಜೋರಾಯಿತು.

"ಅವನು ನನ್ನ ತಮ್ಮ ಕಣ್ರೀ."

"ಜೆಟ್ಟಿ ಮೇಲೆ ನೆಂಟಸ್ತಿಕೆ ಇಲ್ಲ," ಎಂದ ಗಡಿಯಾರ.

ಮಧ್ಯಾಹ್ನದ ಸವಾರಿಗೆ ಟೈಲ್ಸ್ ಅಂಗಡಿಯ ಯಜಮಾನರು ತಮ್ಮ ಅಳಿಯ ಮತ್ತು ಇಬ್ಬರು ಗೆಳೆಯರ ಜೊತೆ ಬಂದರು. ಗಡಿಯಾರ ಚುಕ್ಕಾಣಿ ಹಿಡಿದ, ಹೆಂಡತಿ ಎಂದಿನಂತೆ ಗಾಳದ ಕೆಲಸಕ್ಕೆ ನಿಂತಳು. ದಾರಿಯುದ್ದಕ್ಕೂ ಅವಳು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ.

ಬಂಡೆಗಳಾಚೆ ಲಂಗರು ಹಾಕಿದ್ದೇ ತಡ, ಮೀನುಗಳು ಒಂದರ ಹಿಂದೊಂದು ಬೀಳತೊಡಗಿದವು. ಯಜಮಾನರು ಚಿಕ್ಕ ಹುಡುಗನಂತೆ ಕುಣಿದಾಡಿದರು. ಗಡಿಯಾರ ಮಾತ್ರ ಕುಣಿಯಲಿಲ್ಲ. ಹವೆ ಕೆಡುವ ಮುನ್ನ ಕೆಲವೊಮ್ಮೆ ಮೀನು ಹೀಗೆ ಹುಚ್ಚು ಹಿಡಿದಂತೆ ಕಚ್ಚುತ್ತದೆ. ಅಷ್ಟರಲ್ಲಿ ಗಾಳಿ ಪಕ್ಕನೆ ನಿಂತಿತು. ಪಡುವಣ ಅಂಚಿನಲ್ಲಿ ಸೀಸದ ಬಣ್ಣದ ಪಟ್ಟಿಯೊಂದು ಎದ್ದಿತು.

"ಗಾಳಿ ನಿಂತಿತು," ಹೆಂಡತಿ ಕೊನೆಗೂ ಬಾಯಿ ಬಿಟ್ಟಳು.

"ಗೊತ್ತು."

"ಗೊತ್ತಿದ್ದೂ ಕೂತಿದೀರಲ್ಲ?"

"ಸುಮ್ನಿರು. ನೋಡೋಣ."

ಅವನು ನೋಡುತ್ತಿದ್ದದ್ದು ಆಕಾಶವನ್ನಲ್ಲ. ಜೆಟ್ಟಿಯ ಮೇಲೆ ಬಿದ್ದು ಜಾರುವ ಹಗ್ಗ ಅವನ ಕಣ್ಣ ಮುಂದಿತ್ತು. ಬೆಳಿಗ್ಗೆ ತಾನೇ ಕೈಯಾರೆ ಕಟ್ಟಿದ ಬಕೆಟ್ಟನ್ನು ಸಂಜೆ ತನ್ನ ಕಂಬಕ್ಕೆ ಕಟ್ಟಿಸಿಕೊಳ್ಳುವುದೇ? ಅದೂ ಭಾವಮೈದುನನ ಎದುರಿಗೆ? ಸತ್ತರೂ ಇಲ್ಲ ಎಂದುಕೊಂಡ. ದೋಣಿಯಲ್ಲಿ ತಾನೊಬ್ಬನೇ ಇಲ್ಲ ಎಂಬುದು ಆ ಕ್ಷಣಕ್ಕೆ ಅವನ ತಲೆಗೆ ಹೋಗಲಿಲ್ಲ.

ಎದುರು ದಿಕ್ಕಿನಿಂದ ತಣ್ಣನೆಯ ಗಾಳಿಯೊಂದು ಬೀಸಿತು. ಅಲೆಗಳು ದೋಣಿಯ ಪಕ್ಕೆಗೆ ಬಡಿಯತೊಡಗಿದವು.

"ಮಾವ, ವಾಪಸ್ ಹೋಗೋಣ್ವಾ?" ಅಳಿಯ ಮೆಲ್ಲನೆ ಕೇಳಿದ. ಅವನ ಮುಖ ಬಿಳಿಚಿತ್ತು.

"ನೋಡ್ರಪ್ಪಾ ನಮ್ಮ ಅಳಿಯಂದಿರನ್ನ! ಯಾವ ಧೈರ್ಯದ ಮೇಲೆ ಮಗಳನ್ನ ಕೊಟ್ಟೆನೋ ನಾನು!"

ಗೆಳೆಯರು ನಕ್ಕರು. ಅಭ್ಯಾಸಬಲ, ಗಡಿಯಾರನೂ ನಕ್ಕ. ಅಳಿಯ ತಲೆ ತಗ್ಗಿಸಿ ದೋಣಿಯ ಹಲಗೆಯನ್ನು ನೋಡಿದ. ಆ ನೋಟವನ್ನು ಬೆಳಿಗ್ಗೆಯಷ್ಟೇ ಕಂಡಿದ್ದು ನೆನಪಾಗಿ, ಗಡಿಯಾರನ ನಗು ಅರ್ಧಕ್ಕೇ ನಿಂತಿತು.

"ಇಲ್ಲ ಮಾವ, ಸುಮ್ನೆ ಕೇಳಿದೆ," ಎಂದ ಅಳಿಯ ಧೈರ್ಯ ತೋರಿಸಲೇಬೇಕೆಂದು ದೋಣಿಯ ಅಂಚಿನ ಮೇಲೇ ಕಾಲಿಟ್ಟು, ಬಗ್ಗಿ ಗಾಳ ಎಳೆಯತೊಡಗಿದ. ಒಂದು ದೊಡ್ಡ ಅಲೆ ದೋಣಿಯನ್ನು ಎತ್ತಿ ಹಾಕಿತು. ಗಡಿಯಾರನ ಹೆಂಡತಿ ಅವನ ಬೆಲ್ಟಿಗೆ ಕೈ ಹಾಕಿ ಹಿಂದಕ್ಕೆಳೆಯದಿದ್ದರೆ ಅವನು ಮೀನಿನ ಜೊತೆಗೇ ಇರುತ್ತಿದ್ದ. ಇಬ್ಬರೂ ಹಲಗೆಯ ಮೇಲೆ ದೊಪ್ಪನೆ ಬಿದ್ದರು. 

ಅವಳು ಎದ್ದಳು. ಮುಂಭಾಗದ ಗೂಡಿನ ಬಾಯಿಗಿದ್ದ ಐಸ್ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ, ಲೈಫ್ ಜಾಕೆಟ್‌ಗಳನ್ನು ಎಳೆದು ಹಾಕಿದಳು. ಕಣ್ಣಿಗೆ ಬಿದ್ದರೆ ಗಿರಾಕಿಗಳು ಹೆದರುತ್ತಾರೆಂದು ಗಡಿಯಾರ ಅವನ್ನು ಅಲ್ಲಿ ತುರುಕಿದ್ದ. ನಾಲ್ಕನ್ನು ಬಂದವರಿಗೆ ಕೊಟ್ಟಳು. ಉಳಿದಿದ್ದು ಒಂದೇ. ದೋಣಿಯವರು ಜಾಕೆಟ್ ತೊಟ್ಟರೆ ಆಡಿಕೊಳ್ಳುತ್ತಾರೆಂದು ಗಡಿಯಾರ ತನಗಾಗಿ ತಂದಿರಲೇ ಇಲ್ಲ. ಅವಳು ಅದನ್ನು ತಾನೇ ತೊಟ್ಟು, ಗಂಡನ ಮುಖ ನೋಡುತ್ತಾ ಪಟ್ಟಿ ಬಿಗಿದಳು.

"ನಿಮಗಿಲ್ಲ," ಎಂದಳು. "ನಿಮಗೆ ಮರ್ಯಾದೆ ಇದೆಯಲ್ಲ, ಅದನ್ನೇ ಹಿಡ್ಕೊಂಡು ತೇಲಿ."

ಗಡಿಯಾರ ಸಿಟ್ಟಿನಿಂದ ಬಾಯಿ ತೆರೆದ. ಹಲಗೆಯ ಮೇಲೆ ಕೂತಿದ್ದ ಅಳಿಯ ಜಾಕೆಟ್ಟಿನ ಪಟ್ಟಿ ಹಾಕಲು ಹೆಣಗುತ್ತಿದ್ದ. ಗಡಿಯಾರ ಬಾಯಿ ಮುಚ್ಚಿಕೊಂಡು ಲಂಗರು ಎಳೆದ.

"ಏಯ್, ಏನ್ ಮಾಡ್ತಿದೀಯಾ?" ಯಜಮಾನರು ಎಗರಿದರು. "ಮೀನು ಬೀಳೋ ಹೊತ್ತಲ್ಲಿ ತಿರುಗಿಸ್ತೀಯಾ? ಎಷ್ಟು ದಿನದಿಂದ ಕಾದು ಬಂದಿದೀವಿ! ನಿನ್ನನ್ನೇ ಯಾಕೆ ಹುಡುಕ್ಕೊಂಡು ಬಂದ್ವಿ? ಅರ್ಧಕ್ಕೆ ವಾಪಸ್ ಬರೋ ಗಂಡಸಲ್ಲ ಅಂದ್ರು, ಅದಕ್ಕೆ!"

"ತಪ್ಪು ಹೇಳಿದಾರೆ. ಕೂತ್ಕೊಳ್ಳಿ."

"ಹೆಂಡತಿ ಮಾತು ಕೇಳಿ ದೋಣಿ ಓಡಿಸೋನು ನೀನು!"

"ಹೌದು, ಕೇಳ್ತೀನಿ. ಕೂತ್ಕೊಳ್ಳಿ ಅಂದೆ!"

ಕಡಲು ಅರ್ಧ ದಾರಿಯವರೆಗೆ ದೋಣಿಯನ್ನು ಅಲುಗಾಡಿಸಿತು. ಆಮೇಲೆ ಗಾಳಿ ಇಳಿಯಿತು, ಸೀಸದ ಪಟ್ಟಿ ಹರಿದು ಚಿಂದಿಯಾಯಿತು. ಜೆಟ್ಟಿ ಕಾಣುವಷ್ಟರಲ್ಲಿ ನೀರಿನ ಮೇಲೆ ಬಿಸಿಲು ಥಳಥಳ ಹೊಳೆಯುತ್ತಿತ್ತು. ಗಡಿಯಾರನಿಗೆ ಅಳಬೇಕೆನಿಸಿತು. ಮಳೆಯಾದರೂ ಬಂದಿದ್ದರೆ!

ಅವನು ಹಗ್ಗ ಎಸೆದ. ಅದು ಸಿಮೆಂಟಿನ ಮೇಲೆ ಬಿದ್ದು, ಜಾರಿ, ನೀರಿಗಿಳಿಯಿತು. ಡಬ್ಬಗಳ ಮೇಲಿಂದ ನಗು ಎದ್ದಿತು. "ಗಡಿಯಾರಕ್ಕೆ ಕೀ ಕೊಡೋದು ಮರೆತ್ರಾ ಅಕ್ಕ?" ಎಂದು ಇನ್ನೊಂದು ದೋಣಿಯ ಡ್ರೈವರ್ ಕೂಗಿದ. ಜೆಟ್ಟಿಯಲ್ಲಿ ಅವನದೇ ದೊಡ್ಡ ಬಾಯಿ. ಹೆಂಡತಿ ಜಾಕೆಟ್ ತೊಟ್ಟುಕೊಂಡೇ ಹಾರಿ ದೋಣಿ ಕಟ್ಟಿದಳು. ಇನ್ನು ಈ ದೋಣಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಯಜಮಾನರು ಊರಿಗೆಲ್ಲ ಕೇಳುವಂತೆ ಬೈದು ಹೋದರು. ಹಿಂದುಳಿದ ಅಳಿಯ ಜಾಕೆಟ್ ಮಡಚಿ ಅವಳ ಕೈಗೆ ಕೊಟ್ಟು, "ಬರ್ತೀನಕ್ಕ," ಎಂದ.

ಗಡಿಯಾರ ನೇರವಾಗಿ ಭಾವಮೈದುನನ ದೋಣಿಗೆ ಹೋಗಿ ಬಕೆಟ್ಟಿನ ಗಂಟಿಗೆ ಕೈ ಹಾಕಿದ.

"ಬಿಡಿ ಭಾವ. ನಿಮ್ಮ ಉಪಕಾರ ನನಗೆ ಬೇಡ."

"ಉಪಕಾರ ಅಲ್ಲ. ಇದು ನನ್ನದು." ಗಂಟು ಬಿಚ್ಚುತ್ತಾ, "ಬೆಳಿಗ್ಗೆ ನೀನು ಮಾಡಿದ್ದೇ ಸರಿ," ಎಂದ. ಭಾವಮೈದುನ ಮುಖ ತಿರುಗಿಸಿಕೊಂಡ.

ಬಕೆಟ್ಟನ್ನು ಗಡಿಯಾರ ಹಗ್ಗದಿಂದ ಕಟ್ಟಲಿಲ್ಲ. ತನ್ನ ಕಂಬಕ್ಕೆ ಬೋಲ್ಟ್ ಹಾಕಿ, ನಟ್ಟನ್ನು ತಿರುಗದಷ್ಟು ಬಿಗಿದ.

ಮುಂದಿನ ವಾರ ಮತ್ತೆ ಮೋಡ ಕವಿಯಿತು. ಹೊತ್ತಿಗೆ ಮುಂಚೆ ತಿರುಗಿ ಬಂದವನು ಅದೇ ದೊಡ್ಡ ಬಾಯಿಯ ಡ್ರೈವರ್. ಅವನ ದೋಣಿಯ ಮುಂಭಾಗದ ಹಗ್ಗ ಹಾರಿ ಬಂತು. ಡಬ್ಬಗಳ ಮೇಲಿದ್ದವರು ಅಲುಗಲಿಲ್ಲ. ಗಡಿಯಾರ ಎದ್ದು ಹೋಗಿ ಗಾಳಿಯಲ್ಲೇ ಅದನ್ನು ಹಿಡಿದ.

"ಕಟ್ಟು ಮಾರಾಯ, ನಿನ್ನ ಬಕೆಟ್ ತಂದು ಕಟ್ಟಿ ಮುಗಿಸು," ಎಂದ ಡ್ರೈವರ್, ಕೆಂಪಗಾಗಿ.

"ಕೊಡಲ್ಲ. ಅದಕ್ಕೆ ಕೈ ಹಚ್ಚಿದವನ ಕೈ ಮುರೀತೀನಿ. ಹಿಂದಿನ ಹಗ್ಗ ಎಸಿ."

ಹಿಂದಿನ ಹಗ್ಗ ಬಂತು. ಗಡಿಯಾರನ ಎರಡು ಕೈಯೂ ಮುಂದಿನ ಹಗ್ಗದಲ್ಲಿದ್ದವು. ಇದು ಬಿತ್ತು ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಅದನ್ನು ಹಿಡಿದರು. ಅಷ್ಟು ದಿನ ಅವನ ಜೊತೆ ಮಾತು ಬಿಟ್ಟಿದ್ದ ಭಾವಮೈದುನ ಹಗ್ಗವನ್ನು ಜೆಟ್ಟಿಯ ಕಂಬಕ್ಕೆ ಸುತ್ತುತ್ತಾ, ಅವನ ಕಡೆ ನೋಡದೆಯೇ ಗದರಿದ.

"ಭಾವ, ಗಂಟು ಸಡಿಲ ಇದೆ. ಸರಿಯಾಗಿ ಹಾಕಿ."